ಅಮ್ಮನ ಬಾಗಿಲಲ್ಲಿ ಬ್ರೇಕು

ಸೈಕಲ್ ರೇಸಿನವರಲ್ಲೂ ಮಾನ ಮರ್ಯಾದೆ ಅಂತ ಒಂದಿದೆ. ಹಲವು ದಿನಗಳ ರೇಸು ಯಾರದಾದರೂ ಸ್ವಂತ ಊರನ್ನು ಹಾದುಹೋಗುವಾಗ ಇಡೀ ಗುಂಪು ವೇಗ ತಗ್ಗಿಸಿ ಆ ಊರಿನವನನ್ನು ಮುಂದೆ ಬಿಡುತ್ತದೆ. ಅವನು ಹೋಗಿ ಮನೆಯವರನ್ನು ಮಾತಾಡಿಸಿ, ಗುಂಪು ಬಂದಾಗ ಮತ್ತೆ ಸೇರಿಕೊಳ್ಳುತ್ತಾನೆ. ಇದು ಯಾವ ನಿಯಮದಲ್ಲೂ ಬರೆದಿಲ್ಲ. ಆದರೂ ಚೂರು ನಾಚಿಕೆ ಇರುವ ಯಾರೂ ಇದನ್ನು ಮೀರುವುದಿಲ್ಲ.

ತಂಡದ ಮ್ಯಾನೇಜರಿಗೆ ಆ ಚೂರೂ ಇರಲಿಲ್ಲ.

"ಇವತ್ತು ನಿನ್ನೂರು ಬರುತ್ತೆ," ಎಂದ ಅವನು ಬೆಳಿಗ್ಗೆ, ಬಸ್ಸಿನ ಮೆಟ್ಟಿಲ ಮೇಲೆ ಕಾಫಿ ಹೀರುತ್ತ. "ಅವರು ನಿನ್ನ ಮುಂದೆ ಬಿಡ್ತಾರೆ. ನೀನು ನಿಲ್ಲಬೇಡ, ಕೈ ಬೀಸ್ಕೊಂಡು ಹಾಗೇ ತುಳಿ. ಊರು ದಾಟಿದ್ರೆ ಇವತ್ತಿನ ಗೆಲುವಿನ ಗೆರೆ. ಗೆದ್ರೆ ಮುಂದಿನ ವರ್ಷವೂ ತಂಡದಲ್ಲಿರ್ತೀಯ. ಇಲ್ದಿದ್ರೆ ನಿನ್ನ ದಾರಿ ನಿಂಗೆ."

ಹೀಗೆ ಹೇಳಿಸಿಕೊಂಡವನಿಗೆ ತಂಡದವರು ಎತ್ತು ಅಂತಲೇ ಹೆಸರಿಟ್ಟಿದ್ದರು. ಇಷ್ಟು ವರ್ಷವೂ ಬೇರೆಯವರ ಗೆಲುವಿಗಾಗಿ ಎದುರುಗಾಳಿಗೆ ಎದೆ ಕೊಟ್ಟವನು ಅವನು. ತನಗಾಗಿ ಒಂದು ದಿನವೂ ಗೆದ್ದಿರಲಿಲ್ಲ. ಮೈಯೆಲ್ಲ ಉರಿದುಹೋಯಿತು. ಗೆಲ್ಲುವುದೇ ಆದರೆ ಅಮ್ಮನನ್ನು ನೆಪ ಮಾಡಿಕೊಂಡು ಕದ್ದು ಗೆಲ್ಲಬೇಕೆ? ಆದರೆ ಹೊಟ್ಟೆಪಾಡು ಬಾಯಿ ಕಟ್ಟಿತು. "ಆಗಲಿ ಸಾರ್," ಅಂದ. ಅಂದಮೇಲೆ ತನ್ನ ಮೇಲೇ ಅಸಹ್ಯವಾಯಿತು.

ವರ್ಷದ ಮೊದಲ ರೇಸು, ಕೈಬೆರಳು ಮರಗಟ್ಟುವ ಚಳಿ. ಊರು ಹತ್ತಿರವಾದಾಗ ಎಲ್ಲರಿಗಿಂತ ಮುಂದಿದ್ದ ಎದುರಾಳಿ ತಂಡದ ಹುಡುಗ ಪಕ್ಕಕ್ಕೆ ಬಂದ. "ಹೋಗಣ್ಣ, ಅಮ್ಮ ಕಾಯ್ತಿರ್ತಾರೆ. ನಾವು ನಿಧಾನಕ್ಕೆ ಬರ್ತೀವಿ."

ಎತ್ತು ತಲೆ ತಗ್ಗಿಸಿ ಒಬ್ಬನೇ ಮುಂದೆ ಹೋದ. ಕಿವಿಯ ರೇಡಿಯೋದಲ್ಲಿ ಮ್ಯಾನೇಜರು ಅರಚುತ್ತಿದ್ದ: "ತುಳಿ! ಹಿಂದೆ ಯಾರೂ ಇಲ್ಲ, ತುಳಿ!"

ಹೊಲಿಗೆ ಅಂಗಡಿಯ ಮುಂದೆ ಅಮ್ಮ ಕುರ್ಚಿ ಹಾಕಿಕೊಂಡು ಕೂತಿದ್ದಳು. ಕೊರಳಲ್ಲಿ ಅಳತೆಯ ಟೇಪು. ಮಗನನ್ನು ಕಂಡವಳೇ, ನೋಯುವ ಮಂಡಿಯನ್ನೂ ಲೆಕ್ಕಿಸದೆ ಎದ್ದು ನಿಂತಳು. ಅವನ ಕೈ ತಾನಾಗಿಯೇ ಬ್ರೇಕು ಹಿಡಿಯಿತು.

"ಎಷ್ಟು ಸೊರಗಿದ್ದೀಯೋ!" ಎಂದು ಕೆನ್ನೆ ಸವರಿದಳು. "ಅದೇನೋ ಕಿವೀಲಿ ಕಿರುಚ್ತಿರೋದು?"

ಅವನು ತಡೆಯುವಷ್ಟರಲ್ಲಿ ಅದನ್ನು ಕಿತ್ತು ತನ್ನ ಕಿವಿಗೆ ಹಿಡಿದಳು.

"ಮುದುಕಿ ಎಲ್ಲೂ ಓಡಿಹೋಗಲ್ಲ, ಆಮೇಲೆ ನೋಡಿದ್ರಾಯ್ತು! ತುಳಿಯೋ ಕತ್ತೆ!"

ಅಮ್ಮನ ಮುಖ ಕೆಂಪಾಯಿತು. "ಎಲ್ಲಿ ಮಾತಾಡಬೇಕು ಇದಕ್ಕೆ?"

ಅವನು ಎದೆಯ ಮೇಲಿದ್ದ ಗುಂಡಿ ಒತ್ತಿದ.

"ಏನಯ್ಯ, ನಿನ್ನನ್ನ ಹೆತ್ತವಳು ಒಬ್ಬಳಿದ್ದಾಳೋ, ಇಲ್ಲ ಆಕಾಶದಿಂದ ಉದುರಿದೆಯೋ? ನನ್ನ ಮಗನಿಗೆ ಕಳ್ಳತನ ಕಲಿಸ್ತೀಯಾ, ಅದೂ ನನ್ನ ಬಾಗಿಲಲ್ಲೇ?"

ರೇಡಿಯೋವನ್ನು ಮಗನ ಕೈಗಿಟ್ಟಳು. ಅಷ್ಟರಲ್ಲಿ ಗುಂಪು ಬಂತು, ಅಮ್ಮನಿಗೆ ಕೈ ಬೀಸುತ್ತ. ಎತ್ತು ಅವರ ಜೊತೆ ಸೇರಿಕೊಂಡ. ಆ ದಿನ ಗೆದ್ದವನು ಬೇರೊಬ್ಬ.

ತಾಯಿ ಮಗ ನಿಂತದ್ದನ್ನು ಟೀವಿಯಲ್ಲಿ ಎಲ್ಲರೂ ನೋಡಿದ್ದರು. ಗೆರೆ ದಾಟಿದ ಕೂಡಲೇ ಎತ್ತನ್ನು ಪತ್ರಕರ್ತರು ಮುತ್ತಿಕೊಂಡರು. ಅವರ ನಡುವೆ ನುಗ್ಗಿ ಬಂದ ಮ್ಯಾನೇಜರು ಅವನ ಹೆಗಲ ಮೇಲೆ ಕೈ ಹಾಕಿ ಹಲ್ಲು ಕಿರಿದ.

"ನಮ್ಮ ತಂಡಕ್ಕೆ ಗೆಲುವಿಗಿಂತ ಸಂಸ್ಕಾರ ಮುಖ್ಯ. ಬೆಳಿಗ್ಗೆ ನಾನೇ ಹೇಳಿ ಕಳಿಸಿದ್ದೆ, ಅಮ್ಮನ್ನ ಮಾತಾಡಿಸ್ದೆ ಮುಂದೆ ಹೋಗಬೇಡಪ್ಪ ಅಂತ."

ಥೂ, ಇಂಥ ನಾಲಿಗೆಯೂ ಇರುತ್ತದಲ್ಲ! ಬೆಳಿಗ್ಗೆ ಬಾಯಿ ಮುಚ್ಚಿಕೊಂಡಿದ್ದವನಿಗೆ ಈಗ ತಡೆಯಲಾಗಲಿಲ್ಲ. ಹೆಗಲ ಮೇಲಿದ್ದ ಕೈಯನ್ನು ಎತ್ತಿ ಪಕ್ಕಕ್ಕಿಟ್ಟ.

"ಇವರು ಹೇಳಿದ್ದು ನಿಲ್ಲಬೇಡ ಅಂತ. ನನ್ನ ನಂಬದಿದ್ರೆ ಬೇಡ. ದಾರೀಲಿ ಹೊಲಿಗೆ ಅಂಗಡಿ ಇದೆ, ಹೋಗಿ ಕೇಳಿ. ನಮ್ಮಮ್ಮನ ಕಿವಿ ಇನ್ನೂ ಚೆನ್ನಾಗಿದೆ."

"ನಿನ್ನ ಕತೆ ಮುಗೀತು," ಎಂದು ಮ್ಯಾನೇಜರು ಹಲ್ಲು ಕಡಿದ.

"ಗೊತ್ತು ಸಾರ್."

ಸೈಕಲ್ಲು ತಂಡದ್ದು. ಅದನ್ನು ಮ್ಯಾನೇಜರನ ಕೈಗೇ ಕೊಟ್ಟು, ಎತ್ತು ಅಮ್ಮನ ಅಂಗಡಿಯ ಕಡೆಗೆ ನಡೆದೇ ಹೊರಟ.