ಅಕ್ಕ ಮಾಡಿದ ಸೂಪು

ಊರಿಗೆ ಊರೇ ಚಳಿಗಾಲದ ರಜೆಯೆಂದು ತಿಂದು ತೇಗುವ ಹೊತ್ತಿನಲ್ಲಿ ಪಥ್ಯ ಹಿಡಿಯುವುದು ಯಾರಿಗಾದರೂ ಕಷ್ಟವೇ. ಹಿಡಿದವನು ಬೇಕರಿಯವನಾದರಂತೂ ಅವನ ಪಾಡು ಕೇಳಲೇಬೇಡಿ. ಎದುರಿಗೆ ಕೇಕುಗಳ ಸಾಲು, ಬೆನ್ನಿಗೆ ಕಾದ ಒಲೆ, ನಡುವೆ ಈ ಮಹಾಶಯ ಹಸಿ ಸೌತೆಕಾಯಿ ಕಡಿಯುತ್ತ ನಿಂತಿರುತ್ತಿದ್ದ. "ಏನು ಬನ್ನಣ್ಣ, ನಿನ್ನ ಮಾಲು ನಿನಗೇ ಸೇರಲ್ವಾ?" ಎಂದು ಗಿರಾಕಿಗಳು ಕಾಲೆಳೆಯುತ್ತಿದ್ದರು. ಚಿಕ್ಕಂದಿನಿಂದ ದುಂಡಗಿದ್ದವನಿಗೆ ಬೀದಿಯವರೇ ಇಟ್ಟ ಹೆಸರು ಅದು. ಅವನೂ ನಕ್ಕು ಸುಮ್ಮನಾಗುತ್ತಿದ್ದ. ಮನೆಯ ಸಂಕಟವನ್ನು ಅಂಗಡಿಯಲ್ಲಿ ಹರಡುವ ಜಾಯಮಾನ ಅವನದಲ್ಲ.

ಸಂಕಟವಿದ್ದದ್ದು ಬೇಕರಿಯ ಮೇಲಿನ ಕೋಣೆಯಲ್ಲಿ. ಅಲ್ಲಿ ಅವನ ಅಕ್ಕ ಹಾಸಿಗೆ ಹಿಡಿದಿದ್ದಳು. ತಾಯಿ ತೀರಿಕೊಂಡಾಗ ಇವನಿನ್ನೂ ತೊಟ್ಟಿಲ ಕೂಸು. ಮದುವೆ ಗಿದುವೆ ಎಲ್ಲ ಬಿಟ್ಟು ಇವನನ್ನು ಸಾಕಿದವಳು ಅವಳೇ. ಈಗ ಅವಳ ಲಿವರ್ ಕೈಕೊಟ್ಟಿತ್ತು. ತಮ್ಮನ ಲಿವರಿನ ಒಂದು ಭಾಗ ಹೊಂದುತ್ತದೆಂದು ಪರೀಕ್ಷೆಯಲ್ಲಿ ಗೊತ್ತಾದಾಗ ಅವನು ಆಸ್ಪತ್ರೆಯಲ್ಲಿ ಕುಣಿಯುವುದೊಂದೇ ಬಾಕಿ. ಆದರೆ ಡಾಕ್ಟರಮ್ಮ ಕಡ್ಡಿ ಮುರಿದಂತೆ ಹೇಳಿದ್ದರು: "ನಿಮ್ಮ ಲಿವರಿನ ತುಂಬ ಕೊಬ್ಬು. ಹೀಗಿದ್ರೆ ಆಪರೇಷನ್ ಮಾಡೋಕಾಗಲ್ಲ. ರಜೆ ಮುಗಿಯೋದ್ರೊಳಗೆ ಇಳಿಸ್ಕೊಂಡು ಬನ್ನಿ. ಅಕ್ಕನಿಗೆ ಅದಕ್ಕಿಂತ ಹೆಚ್ಚು ಟೈಮಿಲ್ಲ."

ಅಂದಿನಿಂದ ಶುರುವಾಯಿತು. ಬೆಳಿಗ್ಗೆ ಮಂಜಿನಲ್ಲಿ ಕಿವಿಗೆ ಮಫ್ಲರ್ ಸುತ್ತಿಕೊಂಡು, ಏದುಸಿರು ಬಿಡುತ್ತ ಮೈದಾನ ಸುತ್ತುತ್ತಿದ್ದ. ಬೆರಳಿಗೆ ಅಂಟಿದ ಕ್ರೀಮನ್ನೂ ನೆಕ್ಕದೆ ತೊಳೆದುಕೊಳ್ಳುತ್ತಿದ್ದ. ಸಂಜೆ ಊಟಕ್ಕೆ ಅಕ್ಕ ಮಾಡಿದ ತರಕಾರಿ ಸೂಪು, ಅಷ್ಟೇ. "ಅಷ್ಟಾದ್ರೂ ಮಾಡ್ತೀನಿ ಕಣೋ, ಬರೀ ಬಿದ್ಕೊಂಡಿದ್ರೆ ಹುಚ್ಚು ಹಿಡಿಯುತ್ತೆ" ಎಂದು ಹಟ ಮಾಡಿ, ಸ್ಟೂಲಿನ ಮೇಲೆ ಕೂತು ಅವಳೇ ಬೇಯಿಸುತ್ತಿದ್ದಳು. ಆರಲು ಬಿಡದೆ, ಎದುರಿಗೇ ಕೂತು ಎರಡೆರಡು ಬಟ್ಟಲು ಕುಡಿಸುತ್ತಿದ್ದಳು. ಒಂದು ದಿನ ಅವನ ಇಬ್ಬರು ಮಕ್ಕಳಲ್ಲಿ ಚಿಕ್ಕವಳು ಒಂದು ಚಮಚ ಬಾಯಿಗಿಟ್ಟು, "ಅಪ್ಪಾ, ಬೆಣ್ಣೆ ವಾಸನೆ!" ಎಂದಳು. "ಅದು ನನ್ನ ಕೈಯದು ಪುಟ್ಟಿ" ಎಂದು ನಕ್ಕ. ವರ್ಷಗಟ್ಟಲೆ ಹಿಟ್ಟಿಗೆ ಬೆಣ್ಣೆ ನಾದಿದವನಿಗೆ ಸ್ನಾನದ ನೀರೂ ಬೆಣ್ಣೆಯ ವಾಸನೆಯೇ. ಆ ಮೂಗನ್ನು ನಂಬುವುದನ್ನು ಅವನು ಯಾವತ್ತೋ ಬಿಟ್ಟಿದ್ದ.

ರಜೆ ಮುಗಿಯಿತು. ಸ್ಕ್ಯಾನ್ ನೋಡಿದ ಡಾಕ್ಟರಮ್ಮನ ಮುಖ ಗಂಟಾಯಿತು. "ಇಳಿದಿಲ್ಲ, ಏರಿದೆ. ಅಕ್ಕನಿಗೋಸ್ಕರ ಆದ್ರೂ ಬಾಯಿಗೆ ಬೀಗ ಹಾಕೋಕಾಗಲಿಲ್ವಾ?" ಬೇರೆ ಯಾರಾದರೂ ಸಿಗುತ್ತಾರೇನೋ ನೋಡೋಣ ಎಂದರು. ಯಾರೂ ಸಿಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಸಂಜೆ ಅವನು ಅಕ್ಕನ ಮುಂದೆ ಕೂತು ಮಗುವಿನ ಹಾಗೆ ಅತ್ತ. "ನನ್ನ ಕೈಲಿ ಆಗಲಿಲ್ಲಕ್ಕ. ನಾನೇ ನಿನ್ನ ಕೊಂದ ಹಾಗಾಯ್ತು" ಎಂದ. ಅವಳು ಅವನ ಬೆನ್ನು ಸವರುತ್ತ, "ಅಳಬೇಡ್ವೋ, ಬಿಸಿ ಇರೋವಾಗ್ಲೇ ಕುಡಿ" ಎಂದಷ್ಟೇ ಹೇಳುತ್ತಿದ್ದಳು. ಅಳು ನಿಲ್ಲುವ ಹೊತ್ತಿಗೆ ಸೂಪು ತಣ್ಣಗಾಗಿತ್ತು. ಬಟ್ಟಲೆತ್ತಿದರೆ ತುಟಿಗೆ ಏನೋ ಗಟ್ಟಿಯಾಗಿ ತಾಗಿತು. ಮೇಲೆ ಹಳದಿಯ ದಪ್ಪ ಪದರ ಕಟ್ಟಿತ್ತು.

ಬೆಣ್ಣೆ, ಅದೂ ಅವನ ಅಂಗಡಿಯದೇ. "ಚಳಿಗೆ ಹಿಮ್ಮಡಿ ಒಡೆದಿದೆ, ಹಚ್ಕೊಳ್ಳೋಕೆ ಒಂದು ಮುದ್ದೆ ತಂದ್ಕೊಡೋ" ಎಂದು ಅವಳು ಕೇಳಿದಾಗಲೆಲ್ಲ ಇವನೇ ಕೈಯಾರೆ ತಂದುಕೊಟ್ಟಿದ್ದ. ಕಂಬಳಿಯಾಚೆ ಚಾಚಿದ್ದ ಅವಳ ಹಿಮ್ಮಡಿಗಳು ಒಣಗಿ ಬಿರುಕುಬಿಟ್ಟಿದ್ದವು.

"ಯಾಕಕ್ಕಾ ಹೀಗೆ ಮಾಡ್ದೆ?"

"ಬೇಡ ಅಂದ್ರೆ ಕೇಳ್ತಿದ್ಯಾ ನೀನು?" ಅವಳ ದನಿಯಲ್ಲಿ ಅಳುಕಿರಲಿಲ್ಲ. "ಟೇಬಲ್ ಮೇಲೆ ಮಲಗಿದೋನು ಏಳದೇ ಹೋದ್ರೆ? ಅಮ್ಮ ಇಲ್ಲದ ಮಗೂನ ಒಂದ್ಸಲ ಸಾಕಿದ್ದೀನಿ. ಅಪ್ಪ ಇಲ್ಲದ ಇಬ್ಬರನ್ನ ಸಾಕೋ ಶಕ್ತಿ ಈಗಿಲ್ಲ ಕಣೋ."

ಅವನು ಬಟ್ಟಲನ್ನು ಕುಕ್ಕಿ ಎದ್ದ. ಹುಟ್ಟಿದಾಗಿನಿಂದ ಅಕ್ಕನ ಮೇಲೆ ಅವನಿಗೆ ಇಂಥ ಸಿಟ್ಟು ಬಂದಿರಲಿಲ್ಲ. ಸಿಟ್ಟು ಬಂದರೂ ಎಲ್ಲಿಗೆ ಹೋಗುತ್ತಾನೆ? ಬಾಗಿಲವರೆಗೆ ಹೋಗಿ ಅಲ್ಲೇ ನಿಂತ.

"ಬೈಯೋದಿದ್ರೆ ಬೈ" ಎಂದಳು ಅಕ್ಕ. "ಆದ್ರೆ ಬೆಳಿಗ್ಗೆ ನಡೆಯೋದು ಬಿಡಬೇಡ. ನಾಳೆಯಿಂದ ಸೂಪಿಗೆ ಬೆಣ್ಣೆ ಹಾಕಲ್ಲ, ಮೈ ಇಳಿಸ್ಕೋ. ಮಕ್ಕಳಿಗೆ ಅಪ್ಪ ಬೇಕು."

"ನನಗೆ ನೀನು ಬೇಡ್ವಾ ಅಕ್ಕ?"

ಎಲ್ಲವನ್ನೂ ಲೆಕ್ಕ ಹಾಕಿದ್ದವಳಿಗೆ ಇದೊಂದು ಮಾತು ಹೊಳೆದಿರಲೇ ಇಲ್ಲ. ಕೈ ಚಾಚಿ ಅವನನ್ನು ಹತ್ತಿರ ಕರೆದಳು. ಅವನ ತಲೆಯನ್ನು ಮಡಿಲಿಗೆಳೆದುಕೊಂಡು, ಕಾಯಿಲೆ ಬಿದ್ದ ಮೇಲೆ ಮೊದಲ ಸಲ, ಸಾಯುವುದಕ್ಕೆ ಹೆದರಿ ಅತ್ತಳು.