ಮೂರು ದಿನ ಒಡೆಯದ ಕಾಗದ

ದಂಗೆಕೋರರ ಕೋಟೆ ಗೋಡೆಯಡಿ ಕೊರೆಯುತ್ತಿದ್ದ ಸುರಂಗ ಇನ್ನು ಮೂರು ದಿನಕ್ಕೆ ಮುಗಿಯುವುದಿತ್ತು. ಅಷ್ಟರಲ್ಲಿ ದಂಡನಾಯಕ ಕ್ವಾಂಗ್ ಶಿಲಿನ್‌ನ ಹುನಾನ್ ಪ್ರಾಂತ್ಯದ ಮನೆಯಿಂದ ಹಳೆಯ ಆಳು ತಾಂಗ್ ದೋಣಿಯಲ್ಲಿ ಬಂದಿಳಿದ. ಕೈಯಲ್ಲಿ ಕಾಗದ. ಕಾಲಿನ ಜೋಡುಗಳ ಮೇಲೆ ಬಿಳಿ ಬಟ್ಟೆ ಹೊಲಿದಿತ್ತು. ಕ್ವಾಂಗ್‌ನ ಕಣ್ಣು ಅದರ ಮೇಲೆ ಬಿತ್ತು. ಬಿಳಿ ಎಂದರೆ ಸೂತಕ. ಅವ್ವ ಚಳಿಗಾಲದಿಂದ ಹಾಸಿಗೆ ಹಿಡಿದಿದ್ದಳು.

ಚಕ್ರವರ್ತಿಯ ಕಾನೂನು ಇದರಲ್ಲಿ ಬಲು ಖಡಕ್ಕು. ಹೆತ್ತವರು ತೀರಿದ ಸುದ್ದಿ ಕಿವಿಗೆ ಬಿದ್ದ ಗಳಿಗೆಯೇ ಅಧಿಕಾರಿ ತನ್ನ ಹುದ್ದೆಯ ಮುದ್ರೆ ಒಪ್ಪಿಸಿ, ಊರಿಗೆ ಹೋಗಿ ಇಪ್ಪತ್ತೇಳು ತಿಂಗಳು ಸೂತಕ ಕೂರಬೇಕು. ಬಚ್ಚಿಟ್ಟರೆ ಹುದ್ದೆಯೂ ಹೋಯಿತು, ಮಾನವೂ ಹೋಯಿತು. ಸರಕಾರಿ ಹುದ್ದೆಯ ಪರೀಕ್ಷೆಯಲ್ಲಿ ಮೂರು ಸಲ ನಪಾಸಾಗಿ ಹಳ್ಳಿ ಮಕ್ಕಳಿಗೆ ಅಕ್ಷರ ತಿದ್ದಿಸುತ್ತಿದ್ದವನು ಕ್ವಾಂಗ್. ದಂಗೆ ಎದ್ದಾಗ ಅದನ್ನು ಅಡಗಿಸಲು ತನ್ನೂರಿನ ಐನೂರು ಜನರನ್ನು ಕಟ್ಟಿಕೊಂಡು ಹೊರಟು, ಹನ್ನೊಂದು ವರ್ಷದಲ್ಲಿ ನಾಲ್ಕು ಸಾವಿರದ ದಂಡು ಮಾಡಿದ್ದ. ಅವರೆಲ್ಲ ಅವನ ಮುಖ ನೋಡಿ ಬಂದವರು. ಅವನು ಹೋದರೆ ಬೇರೆಯವನ ಮಾತು ಕೇಳದೆ ಊರ ದಾರಿ ಹಿಡಿಯುವವರು. ಸುರಂಗ ಕುಸಿದು ಸತ್ತ ಅರವತ್ತು ಜನ ಸುಮ್ಮನೆ ಸತ್ತಂತಾಗುತ್ತಿತ್ತು.

ತಾಂಗ್ ಬಾಯಿ ತೆರೆಯಹೋದ.

"ಸುಮ್ನಿರು," ಎಂದ ಕ್ವಾಂಗ್. "ಒಂದಕ್ಷರ ಆಡಿದ್ರೂ ನಾಲಿಗೆ ಕೀಳಿಸ್ತೀನಿ. ಕಾಗದ ನಿನ್ ಹತ್ರಾನೇ ಇರ್ಲಿ. ಗೋಡೆ ಬಿದ್ಮೇಲೆ ಕೊಡು."

ಕಿವಿಗೆ ಬೀಳದ ಸುದ್ದಿ ಸುದ್ದಿಯೇ ಅಲ್ಲ ಎಂಬುದು ಅವನ ವಾದ. ಓದಿದವರ ಬುದ್ಧಿಯೇ ಹೀಗೆ. ತಾಂಗ್‌ನನ್ನು ಗುಡಾರದಲ್ಲಿ ಕೂಡಿಹಾಕಿ ಕಾವಲಿಟ್ಟರು. ಆದರೆ ಆ ಬಿಳಿ ಬಟ್ಟೆಯನ್ನು ದಂಡೆಲ್ಲ ನೋಡಿತ್ತು. ರಾಜಧಾನಿಗೆ ಚಾಡಿ ಬರೆಯುವವರಿಗೆ ಅಲ್ಲೇನೂ ಬರವಿರಲಿಲ್ಲ. ಕ್ವಾಂಗ್ ಮೂರು ದಿನ ಬರೀ ಗಂಜಿ ಕುಡಿದ. ಕುದುರೆಯ ಸಪ್ಪಳ ಕೇಳಿದಾಗಲೆಲ್ಲ ಮುದ್ರೆ ಕಿತ್ತುಕೊಳ್ಳಲು ಬಂದರೆಂದೇ ಬೆಚ್ಚುತ್ತಿದ್ದ.

ಮೂರನೆಯ ದಿನ ಸುರಂಗಕ್ಕೆ ತುಂಬಿದ್ದ ಮದ್ದು ಸಿಡಿದು ಗೋಡೆ ಕುಸಿಯಿತು. ಮಧ್ಯಾಹ್ನದೊಳಗೆ ಕೋಟೆ ಕೈವಶವಾಯಿತು. ಕ್ವಾಂಗ್ ತಲೆಗೆ ಬಿಳಿ ಬಟ್ಟೆ ಸುತ್ತಿ, ಊರಿನ ದಿಕ್ಕಿಗೆ ಮಂಡಿಯೂರಿ, ದಂಡಿನ ಎದುರೇ ಗೊಳೋ ಎಂದು ಅತ್ತ. ಆಮೇಲೆ ಕಾಗದ ಒಡೆದ. ತಮ್ಮ ಬರೆದಿದ್ದ: ಅವ್ವ ಅನ್ನ ಬಿಟ್ಟಿದ್ದಾಳೆ, ನಿನ್ನ ಹೆಸರೇ ಹಿಡಿದಿದ್ದಾಳೆ, ಇದೇ ದೋಣಿಯಲ್ಲಿ ಹೊರಟು ಬಾ.

"ನಾನು ಹೊರಡುವಾಗ ಅವ್ವಾವ್ರು ಬದುಕೇ ಇದ್ರು, ಸಣ್ಣ ದಣಿ," ಎಂದ ತಾಂಗ್. "ಸೂತಕ ನಂದು. ನನ್ ಹೆಂಡ್ತಿ ಹೋಗಿ ತಿಂಗಳಾಯ್ತು. ಹೇಳೋಕೆ ನೀವೆಲ್ಲಿ ಬಿಟ್ರಿ?"

ಊರಿಗೆ ನಾಲ್ಕು ದಿನದ ದಾರಿ; ತಾಂಗ್ ಅಲ್ಲಿಂದ ಹೊರಟು ಆಗಲೇ ಏಳು ದಿನವಾಗಿತ್ತು. ತಲೆಗೆ ಸುತ್ತಿದ್ದನ್ನು ಬಿಚ್ಚಬೇಕೋ, ಹಾಗೇ ಇಟ್ಟುಕೊಂಡು ದೋಣಿ ಹತ್ತಬೇಕೋ ಕ್ವಾಂಗ್‌ಗೆ ತಿಳಿಯಲಿಲ್ಲ. ಆ ನಾಲ್ಕು ಸಾವಿರ ಜನರಲ್ಲಿ ಹೇಳಬಲ್ಲವರು ಒಬ್ಬರೂ ಇರಲಿಲ್ಲ.