ನಾಲ್ಕನೇ ಪಂಜರದ ಬಯಾನೊ

ಜುಸಿಲೇನೆ ಪಂಜರದ ತಟ್ಟೆ ಎಳೆದು, ಒಣಗಿದ ಹಿಕ್ಕೆಯನ್ನು ಚಮಚದಿಂದ ಕೆರೆಯುತ್ತಿದ್ದಳು. ಬೆಳಗಿನ ಆ ಹೊತ್ತಿಗೆ ಹಕ್ಕಿಗಳ ಆರೈಕೆ ಕೇಂದ್ರದಲ್ಲಿದ್ದದ್ದು ಅವಳು, ಮತ್ತೆ ಕದ್ದು ಮಾರುವವರಿಂದ ಬಿಡಿಸಿ ತಂದ ಹಕ್ಕಿಗಳು. ನವಣೆ ಸುರಿದು ಹಿಂದೆ ಸರಿದಾಗ ನಾಲ್ಕನೇ ಪಂಜರದಿಂದ ಒಂದು ಕಂದು ಮರಿ ಮೆಲ್ಲಗೆ ಕೂಗಿತು.

ಅವಳ ಕೈ ನಿಂತಿತು. ಪಂಜರದ ಚೀಟಿಯಲ್ಲಿ ಬರೆದಂತೆ ಇದು ಕೊಲೇರಿನ್ಯೊ ಅಲ್ಲ; ಅದನ್ನೇ ಹೋಲುವ ಇನ್ನೊಂದು ಪುಟ್ಟ ಕಾಳುಹಕ್ಕಿ, ಬಯಾನೊ. ಬೆಳೆದ ಗಂಡುಗಳಾದರೆ ಯಾರು ಬೇಕಾದರೂ ಹೇಳಿಯಾರು: ಕೊಲೇರಿನ್ಯೊಗೆ ಬಿಳಿ ಎದೆಯ ಮೇಲೆ ಕರಿ ಪಟ್ಟಿ, ಬಯಾನೊಗೆ ತಲೆಯಿಂದ ಎದೆವರೆಗೂ ಕಪ್ಪು. ಮರಿಗಳು ಮಾತ್ರ ಎರಡರವೂ ಒಂದೇ ಕಂದು. ಶಾಲೆ ಬಿಟ್ಟ ವರ್ಷ, ಉತ್ತರದಲ್ಲಿ ಅಜ್ಜಿಯ ಮನೆ ಹಿಂದಿನ ಹುಲ್ಲಿನಲ್ಲಿ ಅವಳು ದಿನವೂ ಕೇಳಿದ್ದು ಈ ಕೂಗನ್ನೇ.

ಇವತ್ತು ವ್ಯಾನು ಎಲ್ಲವನ್ನೂ ದಕ್ಷಿಣದ ಬಯಲಿನಲ್ಲಿ ಬಿಡಲು ಒಯ್ಯುತ್ತದೆ. ಅಲ್ಲಿ ಬಯಾನೊಗಳಿಲ್ಲ. ಎಷ್ಟು ಕರೆದರೂ ಓಗೊಡಲು ಇನ್ನೊಂದಿರುವುದಿಲ್ಲ.

ಹಕ್ಕಿಗಳನ್ನು ನೋಡಿಕೊಳ್ಳುವ ಡಾಕ್ಟರ್ ಮಾರ್ಲೂಸಿಯಾ ಬಂದರು, ಹಿಂದೆಯೇ ಡ್ರೈವರ್ ವಾಲ್ದಿರ್.

"ಡಾಕ್ಟ್ರಮ್ಮಾ, ನಾಲ್ಕನೇದ್ರಲ್ಲಿ ಒಂದು ಬಯಾನೊ ಇದೆ."

"ಏನು? ಗಟ್ಟಿಯಾಗಿ ಹೇಳಮ್ಮ."

"ಬಯಾನೊ. ಕೂಗಿದ್ದು ಕೇಳ್ದೆ."

ವಾಲ್ದಿರ್ ನಕ್ಕ. "ನೀನು ಬಾಯಿ ಬಿಡೋದೇ ವರ್ಷಕ್ಕೆರಡು ಸಲ. ಹಕ್ಕಿ ನಿನ್ಹತ್ರ ಮಾತಾಡ್ತಾ?"

"ಸುಮ್ನಿರಯ್ಯ," ಎಂದು ಡಾಕ್ಟರು ಪಂಜರದ ಮುಂದೆ ಬಗ್ಗಿದರು. ಎಂಟು ಮರಿಗಳೂ ಮೂಲೆಗೆ ಒತ್ತರಿಸಿಕೊಂಡು ತುಟಿಪಿಟಕ್ ಎನ್ನಲಿಲ್ಲ. "ಯಾವುದು, ತೋರ್ಸು."

ಜುಸಿಲೇನೆ ಬೆರಳೆತ್ತಿದಳು. ಬೆರಳು ಒಂದರಿಂದ ಇನ್ನೊಂದಕ್ಕೆ ಹೋಯಿತು, ಮತ್ತೆ ಹಿಂದಕ್ಕೆ ಬಂತು, ಕೆಳಗಿಳಿಯಿತು.

"ನೀವು ಆಚೆ ಹೋದ್ರೆ ಕೂಗುತ್ತೆ. ಇಲ್ದಿದ್ರೆ ಗರಿ ಬದಲಾಗೋವರೆಗೂ ಎಂಟನ್ನೂ ಇಲ್ಲೇ ಇಟ್ಕೊಳ್ಳೋಣ. ನಾನು ನೋಡ್ಕೋತೀನಿ."

"ಸಂಜೆ ಮುನ್ನೂರು ಗಿಳಿ ಬರ್ತಾ ಇವೆ ಕಣೇ. ಜಾಗ ಎಲ್ಲಿದೆ? ಬಿಸಿಲೇರಿದ್ರೆ ಇವೂ ದಾರೀಲೇ ಸಾಯ್ತವೆ. ಪುಸ್ತಕದಲ್ಲೂ ಮರಿಗಳನ್ನ ನೋಡಿ ಯಾವುದು ಯಾವ್ದು ಅಂತ ಹೇಳೋಕಾಗಲ್ಲ ಅಂತಾನೇ ಇದೆ." ಅವರು ಹಕ್ಕಿಗಳನ್ನು ಸಾಗಿಸುವ ಕಾಗದಕ್ಕೆ ಸಹಿ ಹಾಕಿದರು. ಹಾಕುವ ಮುಂಚೆ ಒಂದು ಸಲ ಪಂಜರದ ಕಡೆ ನೋಡಿದರು.

ಪಂಜರಗಳನ್ನು ಅವಳೇ ಹೊತ್ತು ವ್ಯಾನಿಗಿಟ್ಟಳು. ನಾಲ್ಕನೆಯದರ ಮೇಲೆ ಬಟ್ಟೆ ಎಳೆದು, ಗಾಳಿಯಾಡಲೆಂದು ಒಂದು ಅಂಚನ್ನು ಮಡಿಚಿದಳು. ಬಾಗಿಲು ಬಿತ್ತು. ಒಳಗಿನ ಕತ್ತಲಲ್ಲಿ ಅದು ಕೂಗಿತು, ಒಂದು ಸಲ, ಸ್ಪಷ್ಟವಾಗಿ. ಅಷ್ಟರಲ್ಲಿ ಎಂಜಿನ್ ಗುಡುಗಿತು. ಡಾಕ್ಟರು ಬೆನ್ನು ತಿರುಗಿಸಿ ಫೋನಿನಲ್ಲಿ ಗಿಳಿಗಳ ವಿಷಯ ಮಾತಾಡುತ್ತಿದ್ದರು.

ಅವಳು ವ್ಯಾನಿನ ಪಕ್ಕ ಡ್ರೈವರ್ ಕಿಟಕಿಯವರೆಗೆ ಓಡಿದಳು.

"ವಾಲ್ದಿರಣ್ಣಾ, ಒಂದ್ನಿಮಿಷ ಎಂಜಿನ್ ಆಫ್ ಮಾಡಿ. ಕೂಗ್ತಾ ಇದೆ, ಡಾಕ್ಟ್ರಮ್ಮನಿಗೂ ಕೇಳ್ಲಿ."